ಬೀಗದ ಕೈ ಯಾರ ಸೊಂಟದಲ್ಲಿರಬೇಕು?

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ವಠಾರಗಳನ್ನು ಕಂಡವರಿಗೆ ಒಂದು ಸಂಗತಿಯನ್ನು ಹೇಳಿಕೊಡಬೇಕಾಗಿಲ್ಲ. ಒಂದೇ ಹೆಬ್ಬಾಗಿಲು, ಒಂದೇ ನಲ್ಲಿ, ಒಂದೇ ಅಂಗಳ. ಆದರೆ ಮನೆಮನೆಗೂ ಬೇರೆ ಬೀಗ. ನೆರೆಯವರು ಕಳ್ಳರೆಂಬ ಭಾವನೆಯಿಂದ ಯಾರೂ ಬೀಗ ಹಾಕುತ್ತಿರಲಿಲ್ಲ. ಹೆಬ್ಬಾಗಿಲು ಹತ್ತು ಸಂಸಾರಗಳಿಗೂ, ಅವರ ನೆಂಟರಿಷ್ಟರಿಗೂ, ಹಾಲಿನವನಿಗೂ, ಹೂವಿನವಳಿಗೂ ತೆರೆದೇ ಇರುತ್ತಿದ್ದುದರಿಂದ ಒಳಬಾಗಿಲಿನ ಜವಾಬ್ದಾರಿ ಅವರವರದೇ ಆಗಿತ್ತು. ಮನೆಯ ಯಜಮಾನಿ ಬೀಗದ ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳೇ ಹೊರತು ಅಂಗಳದ ತುಳಸಿಕಟ್ಟೆಯ ಮೇಲೆ ಇಟ್ಟು ಹೋಗುತ್ತಿರಲಿಲ್ಲ. ಇಷ್ಟು ಸರಳವಾದ ವಿವೇಕವನ್ನು ನಾವು ಗಣಕಯಂತ್ರದ ಮುಂದೆ ಕುಳಿತೊಡನೆಯೇ ಮರೆಯುತ್ತೇವೆ ಎಂಬುದೇ ನನ್ನ ಈ ಲೇಖನಕ್ಕೆ ಕಾರಣ.

ಇಂದು ನಮ್ಮ ಸಂಘಸಂಸ್ಥೆಗಳೂ ವಾಚನಾಲಯಗಳೂ ಶಾಲಾ ಕಾಲೇಜುಗಳೂ ಅಂತರ್ಜಾಲದಲ್ಲಿ ಮನೆ ಮಾಡಿರುವುದು ಬಹುಮಟ್ಟಿಗೆ ವಠಾರಗಳಲ್ಲಿಯೇ. ಸ್ವಂತ ಸರ್ವರನ್ನು ಇಟ್ಟುಕೊಳ್ಳುವಷ್ಟು ಹಣವಿಲ್ಲದವರಿಗಾಗಿ ಕಂಪನಿಗಳು ಒಂದೇ ಯಂತ್ರವನ್ನು ಹತ್ತಾರು, ನೂರಾರು ಪಾಲು ಮಾಡಿ, ಒಂದೊಂದು ಪಾಲನ್ನು ಒಬ್ಬೊಬ್ಬರಿಗೆ ವರ್ಷದ ಬಾಡಿಗೆಗೆ ಕೊಡುತ್ತವೆ. ಇದಕ್ಕೆ ಶೇರ್ಡ್ ಹೋಸ್ಟಿಂಗ್ ಎಂದು ಹೆಸರು. ಅಲ್ಲಿ ನಮ್ಮ ನೆರೆಮನೆಯವರು ಯಾರೆಂಬುದು ನಮಗೆ ತಿಳಿಯದು. ಯಂತ್ರದ ಒಡೆಯನು ಮನಸ್ಸು ಮಾಡಿದರೆ ಎಲ್ಲ ಕೋಣೆಗಳನ್ನೂ ತೆರೆದು ನೋಡಬಲ್ಲನು. ನೆರೆಯವನ ತಾಣವೊಂದು ಹಳೆಯದಾಗಿ, ದುರಸ್ತಿಯಿಲ್ಲದೆ, ಕಳ್ಳನಿಗೆ ದಾರಿ ಕೊಟ್ಟರೆ, ಗೋಡೆಗಳು ಭದ್ರವಾಗಿಲ್ಲದ ಕಡೆ ಆ ಕಳ್ಳನು ನಮ್ಮ ಬಾಗಿಲ ತನಕವೂ ಬರಬಹುದು.

ಈ ವಿಷಯಕ್ಕೆ ಸೇರಿದ ಇನ್ನೊಂದು ವಸ್ತು ಭಂಡಾರ. ತಾಣವೊಂದನ್ನು ನಡೆಸುವ ಕೋಡ್ ಆಗಲಿ, ಅದರಲ್ಲಿರುವ ಬರಹವಾಗಲಿ, ಯಾರು ಯಾವಾಗ ಏನನ್ನು ತಿದ್ದಿದರೆಂಬ ಲೆಕ್ಕದ ಸಮೇತ ಶೇಖರವಾಗಿರುವ ಸ್ಥಳಕ್ಕೆ ರೆಪಾಸಿಟರಿ ಎನ್ನುತ್ತಾರೆ. ನಾನು ಭಂಡಾರವೆಂದು ಕರೆಯುತ್ತೇನೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬಾತ ಲಿನಕ್ಸ್‌ನ ಕೆಲಸಕ್ಕಾಗಿ ರಚಿಸಿದ ಗಿಟ್ ಎಂಬ ಸಾಧನವು ಈ ಲೆಕ್ಕವನ್ನು ಇಡುತ್ತದೆ. ಹೊಸ ತಿದ್ದುಪಡಿಯನ್ನು ಭಂಡಾರಕ್ಕೆ ಕಳುಹಿಸುವುದು ಪುಶ್. ಭಂಡಾರದಿಂದ ತರಿಸಿಕೊಳ್ಳುವುದು ಪುಲ್. ಪುಲ್ ಮಾಡುವವನು ಓದುತ್ತಾನೆ, ಪುಶ್ ಮಾಡುವವನು ಬರೆಯುತ್ತಾನೆ. ಓದುವ ಹಕ್ಕಿಗೂ ಬರೆಯುವ ಹಕ್ಕಿಗೂ ಇರುವ ಅಂತರವನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ನನ್ನ ವಾದವೆಲ್ಲವೂ ಅದರ ಮೇಲೆಯೇ ನಿಂತಿದೆ.

ಕಲಾ ವಿಭಾಗದ ವಿದ್ಯಾರ್ಥಿಗೇಕೆ ಈ ಉಸಾಬರಿ ಎಂದು ಕೆಲವರು ಕೇಳಬಹುದು. ಕನ್ನಡದ ಕೆಲಸವೇ ಈಗ ಭಂಡಾರಗಳಿಗೆ ಬಂದು ಸೇರುತ್ತಿದೆ ಎಂಬುದು ನನ್ನ ಉತ್ತರ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಹೊರತಂದ ಎಂಟು ಸಂಪುಟಗಳ ನಿಘಂಟು ಅಚ್ಚಿನ ಪುಸ್ತಕ; ಅದರ ಪ್ರತಿಗಳು ನೂರು ಕಡೆ ಇರುವುದರಿಂದ ಯಾರೂ ಒಂದು ರಾತ್ರಿಯಲ್ಲಿ ಅದರ ಅರ್ಥಗಳನ್ನು ಬದಲಿಸಲಾರರು. ಆದರೆ ವಿ. ಕೃಷ್ಣ ಅವರು ದಶಕಗಳ ಕಾಲ ಶ್ರಮಿಸಿ ಸಂಕಲಿಸಿದ, ಒಂದೂವರೆ ಲಕ್ಷದಷ್ಟು ಪದಗಳಿರುವ 'ಅಲರ್' ಎಂಬ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿ ದೊರೆಯಿತು. ಅದರ ದತ್ತಾಂಶವು ಒಂದು ಭಂಡಾರದಲ್ಲಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ನಮ್ಮ ಸುತ್ತಮುತ್ತಲ ಕಲ್ಬರಹಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಗಣಕರೂಪದಲ್ಲಿ ಉಳಿಸುವ ಕೆಲಸವನ್ನು ಕೈಗೊಂಡಿದೆ. ಇಂತಹ ದೊಡ್ಡ ಕೆಲಸಗಳ ಜೊತೆಗೆ, ಬೀದಿಗೊಂದರಂತೆ ಇರುವ ಸಣ್ಣ ಸಂಘಗಳ ವರದಿಗಳೂ ಭಾಷಣಗಳೂ ಛಾಯಾಚಿತ್ರಗಳೂ ಕಡತಗಳಾಗಿ ಮಾರ್ಪಟ್ಟಿವೆ. ಬರೆಯುವ ಕೈ ತಪ್ಪಿದವರ ಪಾಲಾದರೆ ಕಳೆದುಹೋಗುವುದು ಕೇವಲ ಒಂದು ಜಾಲತಾಣವಲ್ಲ. ನಾಳಿನವರು ನಂಬಬೇಕಾದ ದಾಖಲೆ.

ಇತಿಹಾಸವನ್ನು ಓದುವವರಿಗೆ ಇದು ಹೊಸ ಸಮಸ್ಯೆಯೇನೂ ಅಲ್ಲ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಗಂಗ ಅರಸರ ಹೆಸರಿನ ತಾಮ್ರಶಾಸನಗಳನ್ನು ಕುರಿತು ಬಿ. ಎಲ್. ರೈಸ್ ಅವರಿಗೂ ಜೆ. ಎಫ್. ಫ್ಲೀಟ್ ಅವರಿಗೂ ದೊಡ್ಡ ವಾದವೇ ನಡೆಯಿತು. ಅವುಗಳಲ್ಲಿ ಅನೇಕವು ಕೂಟಶಾಸನಗಳು, ಎಂದರೆ ಹಿಂದಿನ ಅರಸನ ಹೆಸರಿನಲ್ಲಿ ಮುಂದೆ ಯಾರೋ ಸೃಷ್ಟಿಸಿಕೊಂಡವು, ಎಂದು ಫ್ಲೀಟರು ಸಾಧಿಸಹೊರಟರು; ರೈಸರು ಅದನ್ನು ಒಪ್ಪಲಿಲ್ಲ. ಯಾರ ಪಕ್ಷ ಎಷ್ಟು ಸರಿ ಎಂಬುದು ಇಲ್ಲಿ ಅಪ್ರಸ್ತುತ. ತಾಮ್ರಪಟದ ಮೇಲೆ ರಾಜನ ಹೆಸರಿದೆ ಎಂದ ಮಾತ್ರಕ್ಕೆ ಅದನ್ನು ರಾಜನೇ ಕೊಡಿಸಿದನೆಂದು ನಂಬಲಾಗದು. ಲಿಪಿ, ಭಾಷೆ, ತಿಥಿವಾರ, ಮುದ್ರೆ ಇವೆಲ್ಲವನ್ನೂ ಪರೀಕ್ಷಿಸಬೇಕು ಎಂಬ ಪಾಠ ಮಾತ್ರ ಎರಡು ಪಕ್ಷದವರಿಗೂ ಸಮಾನವಾದುದು.

ಭಂಡಾರಗಳಲ್ಲಿಯೂ ಕೂಟಶಾಸನಗಳು ಹುಟ್ಟುತ್ತವೆ. ಗಿಟ್‌ನಲ್ಲಿ ತಿದ್ದುಪಡಿಯ ಕರ್ತೃವೆಂದು ಯಾರ ಹೆಸರನ್ನು ಬೇಕಾದರೂ ಬರೆಯಬಹುದು. ಅದು ಲಕೋಟೆಯ ಹಿಂದೆ ಬರೆಯುವ 'ಇಂದ' ವಿಳಾಸದಂತೆ. 2021ರ ಮಾರ್ಚ್ 28ರಂದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೂಲ ಭಂಡಾರಕ್ಕೆ ಎರಡು ದುಷ್ಟ ತಿದ್ದುಪಡಿಗಳು ಬಂದು ಸೇರಿದವು. ಒಂದರ ಮೇಲೆ ಆ ಭಾಷೆಯನ್ನು ಹುಟ್ಟುಹಾಕಿದ ರಾಸ್ಮಸ್ ಲೆರ್ಡಾರ್ಫ್ ಅವರ ಹೆಸರು, ಇನ್ನೊಂದರ ಮೇಲೆ ಅದರ ಪ್ರಮುಖ ಕೆಲಸಗಾರರಾಗಿದ್ದ ನಿಕಿತಾ ಪೊಪೋವ್ ಅವರ ಹೆಸರು. ಮೊದಲನೆಯದರ ಒಕ್ಕಣೆ, ಅಕ್ಷರದೋಷವನ್ನು ತಿದ್ದಿದೆ ಎಂಬಷ್ಟು ನಿರಪಾಯಕರ. ಒಳಗಿದ್ದುದು ಮಾತ್ರ ಹೊರಗಿನವರು ನುಗ್ಗಲು ಮಾಡಿದ ಹಿಂಬಾಗಿಲು. ಶೇರ್ಡ್ ಹೋಸ್ಟಿಂಗ್ ವಠಾರಗಳಲ್ಲಿರುವ ತಾಣಗಳಲ್ಲಿ ಬಹುಪಾಲು ನಡೆಯುವುದು ಈ ಪಿಎಚ್‌ಪಿಯ ಮೇಲೆಯೇ. ಅದೃಷ್ಟವಶಾತ್ ಜೊತೆಯ ಕೆಲಸಗಾರರು ಕೆಲವೇ ಗಂಟೆಗಳಲ್ಲಿ ಕಂಡುಹಿಡಿದು ಅದನ್ನು ತೆಗೆದುಹಾಕಿದರು. ಅನಂತರ ಅವರು ತಮ್ಮ ಸ್ವಂತ ಗಿಟ್ ಸರ್ವರನ್ನೇ ಬಿಟ್ಟು ಗಿಟ್‌ಹಬ್‌ಗೆ ಸ್ಥಳ ಬದಲಿಸಿದರು. ಅಲ್ಲಿ ಒಬ್ಬರು ಬರೆದುದನ್ನು ಇನ್ನೊಬ್ಬರು ಓದುವ ಪದ್ಧತಿಯಿತ್ತು. ಅದೇ ಅವರನ್ನು ಕಾಪಾಡಿತು.

ಅದಕ್ಕೂ ಹತ್ತು ವರ್ಷ ಮುಂಚೆ, 2011ರ ಆಗಸ್ಟ್‌ನಲ್ಲಿ, ಲಿನಕ್ಸ್‌ನ ತಿರುಳನ್ನು ಹಂಚುವ ಕರ್ನೆಲ್ ಡಾಟ್ ಆರ್ಗ್ ಸರ್ವರುಗಳಿಗೇ ಕನ್ನ ಬಿದ್ದಿತ್ತು. ಅದೂ ಒಂದು ಬಗೆಯ ವಠಾರವೇ. ಅಲ್ಲಿ 448 ಮಂದಿಗೆ ಖಾತೆಗಳಿದ್ದವು. ಕಳ್ಳರು ಒಳಬರುವವರ ಗುಟ್ಟನ್ನು ಹಿಡಿಯುವಂತೆ ಬಾಗಿಲನ್ನೇ ಮಾರ್ಪಡಿಸಿದ್ದರು. ಎಲ್ಲರೂ ತಮ್ಮ ಕೈಗಳನ್ನು ಬದಲಿಸಬೇಕಾಯಿತು; ತಾಣವು ವಾರಗಟ್ಟಲೆ ಮುಚ್ಚಿತ್ತು. ಆದರೂ ಮೂಲ ಗ್ರಂಥವನ್ನು ಗುಟ್ಟಾಗಿ ತಿದ್ದುವುದು ಬಹು ಕಷ್ಟವಾಗಿತ್ತು. ಗಿಟ್ ಪ್ರತಿಯೊಂದು ಕಡತಕ್ಕೂ ಅದರ ಒಳಗಿನಿಂದಲೇ ಲೆಕ್ಕ ಹಾಕಿದ ಒಂದು ಗುರುತನ್ನು ಕೊಡುತ್ತದೆ. ಒಂದಕ್ಷರ ಬದಲಾದರೆ ಆ ಗುರುತು ಬದಲಾಗುತ್ತದೆ, ಮುಂದಿನ ಎಲ್ಲ ತಿದ್ದುಪಡಿಗಳ ಗುರುತುಗಳೂ ಬದಲಾಗುತ್ತವೆ. ಲೋಕದ ಸಾವಿರಾರು ಮಂದಿಯ ಬಳಿ ಇರುವ ಪ್ರತಿಗಳೊಡನೆ ಅದು ತಾಳೆಯಾಗುವುದಿಲ್ಲ. ಆದರೆ ನಮ್ಮ ಬಡಾವಣೆಯ ಸಂಘದ ಭಂಡಾರಕ್ಕೆ ಸಾವಿರಾರು ಪ್ರತಿಗಳಿಲ್ಲ. ಇರುವುದು ಒಂದೋ ಎರಡೋ. ಆದುದರಿಂದ ಬಡವನ ಭಂಡಾರಕ್ಕೆ ಬೀಗವು ಹೆಚ್ಚು ಭದ್ರವಾಗಿರಬೇಕೇ ಹೊರತು ಕಡಿಮೆಯಲ್ಲ.

ಈಗ ನಮ್ಮ ಬಡಾವಣೆಗೆ ಬರೋಣ. ಕಳೆದ ವರ್ಷ ನಾನು ಒಂದು ಸಾಹಿತ್ಯ ಸಂಘದ ಜಾಲತಾಣದ ಕೆಲಸಕ್ಕೆ ಸಂಜೆಯ ಹೊತ್ತು ಹೋಗುತ್ತಿದ್ದೆ. ಸಂಘದ ಹಳೆಯ ಉಪನ್ಯಾಸಗಳ ಪಟ್ಟಿ, ವಾರ್ಷಿಕ ವರದಿಗಳು, ಸದಸ್ಯರು ಕೂತು ಬೆರಳಚ್ಚು ಮಾಡಿದ ಲೇಖನಗಳು ಅದರಲ್ಲಿದ್ದವು. ಸದಸ್ಯರು ತಾಣದಲ್ಲಿಯೇ ಒಂದು ನಮೂನೆಯನ್ನು ತುಂಬಿ ಹೊಸ ಬರಹವನ್ನು ಸೇರಿಸುತ್ತಿದ್ದರು. ಪ್ರತಿ ರಾತ್ರಿ ಸರ್ವರು ತಾನೇ ಅದನ್ನು ಭಂಡಾರಕ್ಕೆ ಪುಶ್ ಮಾಡುತ್ತಿತ್ತು. ವ್ಯವಸ್ಥೆಯೇನೋ ಸೊಗಸಾದದ್ದೇ. ಆದರೆ ಈ ಪುಶ್‌ಗೆ ಬೇಕಾದ ಗುಟ್ಟು, ಅಂದರೆ ಟೋಕನ್, ಭಂಡಾರದ ವಿಳಾಸದ ನಡುವೆಯೇ ಸೇರಿಹೋಗಿತ್ತು. ಹಾಗೆ ಸೇರಿಸಿದ ವಿಳಾಸವನ್ನು ಗಿಟ್ ತನ್ನ ಕಡತದಲ್ಲಿ ಯಾವ ಮರೆಯೂ ಇಲ್ಲದೆ ಬರೆದಿಟ್ಟುಕೊಳ್ಳುತ್ತದೆ. ಅದು ಸಾಲದೆಂಬಂತೆ ಆ ಕಡತವಿದ್ದ ಕೋಶವು ಸಾರ್ವಜನಿಕರಿಗೆ ಪುಟಗಳನ್ನು ಬಡಿಸುವ ಕೋಶದ ಒಳಗೇ ಇತ್ತು. ದಾರಿಹೋಕನು ಕೂಡ ಬ್ರೌಸರಿನಲ್ಲಿ ಅದನ್ನು ತೆರೆದು ಓದಬಹುದಾಗಿತ್ತು.

ಅದು ಯಾರ ಟೋಕನ್? ಎರಡು ವರ್ಷ ಮುಂಚೆ ಸಂಘಕ್ಕೆ ಸಹಾಯ ಮಾಡಿ, ಓದು ಮುಗಿಸಿ ಕೆಲಸಕ್ಕೆ ಸೇರಿದ ಹಳೆಯ ವಿದ್ಯಾರ್ಥಿಯೊಬ್ಬರದು. ಅದಕ್ಕೆ ಅವಧಿಯ ಮಿತಿಯಿರಲಿಲ್ಲ. ಸಂಘದ ಭಂಡಾರವೊಂದೇ ಅಲ್ಲ, ಅವರ ಖಾತೆಯಲ್ಲಿದ್ದ ಎಲ್ಲ ಭಂಡಾರಗಳೂ ಅದಕ್ಕೆ ತೆರೆಯುತ್ತಿದ್ದವು. ಸಂಘದ ಕಾರ್ಯದರ್ಶಿಗಳು ಹಿರಿಯರು, ಸಜ್ಜನರು. ನಾನು ಹೇಳಿದಾಗ ನಕ್ಕು, "ಅಯ್ಯೋ, ನಮ್ಮ ಭಾಷಣಗಳನ್ನ ಯಾರಪ್ಪಾ ಕದೀತಾರೆ? ಕರೆದು ಕೂರಿಸಿದ್ರೂ ಜನ ಕೇಳಲ್ಲ!" ಎಂದರು. "ಭಾಷಣ ಹೋಗಲಿ ಸಾರ್, ಆ ಅಣ್ಣನ ಕೆಲಸಕ್ಕೆ ಕುತ್ತು ಬಂದರೆ?" ಎಂದೆ. ಅವರ ಮುಖ ಗಂಭೀರವಾಯಿತು. ಕೂಡಲೇ ಫೋನ್ ಮಾಡಿಸಿದರು. ಆತನು ಅರ್ಧ ಗಂಟೆಯೊಳಗೆ ಟೋಕನನ್ನು ರದ್ದು ಮಾಡಿದನು. ಯಾವ ಹಾನಿಯೂ ಕಾಣಲಿಲ್ಲ. ಆದರೆ ಎರಡು ವರ್ಷಗಳ ಕಾಲ ಒಬ್ಬ ಉಪಕಾರಿಯ ಮನೆಯ ಕೈಗೊಂಚಲು ಅಂಗಳದಲ್ಲಿ ಬಿದ್ದಿತ್ತು. ಅದನ್ನು ಯಾರೂ ಎತ್ತಿಕೊಳ್ಳಲಿಲ್ಲವೆಂಬುದು ನಮ್ಮ ಜಾಣತನದಿಂದಲ್ಲ.

ಹಾಗಾದರೆ ಮಾಡಬೇಕಾದುದೇನು? ಇದನ್ನು ತಿಳಿಯಲು ಕೈಗಳ ಬಗೆಯನ್ನು ಸ್ವಲ್ಪ ಅರಿಯಬೇಕು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೇಳಿ ಪಾಸ್‌ವರ್ಡುಗಳನ್ನು ಹಿಡಿದರು. ಆ ಘಟನೆಯ ಫಲವಾಗಿ ಅಲ್ಲಿನ ಸಂಶೋಧಕ ತಾತು ಯ್ಲೋನೆನ್ ಎಂಬಾತ ಎಸ್‌ಎಸ್‌ಎಚ್ ಎಂಬ ಭದ್ರ ಮಾರ್ಗವನ್ನು ರಚಿಸಿದನು. ಇದರಲ್ಲಿ ಜೋಡಿ ಕೈಗಳುಂಟು. ಒಂದು ಗುಪ್ತವಾದುದು, ನಮ್ಮ ಯಂತ್ರವನ್ನು ಬಿಟ್ಟು ಹೊರಡುವುದೇ ಇಲ್ಲ. ಇನ್ನೊಂದು ಬಹಿರಂಗವಾದುದು, ಅದನ್ನು ಭಂಡಾರದ ಬಾಗಿಲಲ್ಲಿ ಕೊಟ್ಟಿರುತ್ತೇವೆ. ಎರಡೂ ಜೋಡಿಯೆಂದು ತಾಳೆಯಾದರೆ ಬಾಗಿಲು ತೆರೆಯುತ್ತದೆ. ಗುಟ್ಟು ಮಾತ್ರ ದಾರಿಯಲ್ಲಿ ಸಂಚರಿಸುವುದಿಲ್ಲ. ಗಿಟ್‌ಹಬ್ 2021ರ ಆಗಸ್ಟ್ 13ರಿಂದ ಗಿಟ್ ಕೆಲಸಗಳಿಗೆ ಖಾತೆಯ ಪಾಸ್‌ವರ್ಡನ್ನು ಸ್ವೀಕರಿಸುವುದನ್ನೇ ನಿಲ್ಲಿಸಿತು. ಅಂದಿನಿಂದ ಟೋಕನ್ ಇಲ್ಲವೆ ಜೋಡಿ ಕೈ, ಇವೆರಡೇ ದಾರಿ.

ಮೊದಲನೆಯ ನಿಯಮ: ಹಂಚಿಕೊಂಡ ಸರ್ವರಿನಿಂದ ಪುಶ್ ಮಾಡಲೇಬೇಕೇ ಎಂದು ಕೇಳಿಕೊಳ್ಳಬೇಕು. ಹೆಚ್ಚಿನ ತಾಣಗಳಿಗೆ ಅದು ಬೇಕಿಲ್ಲ. ನಮ್ಮ ಯಂತ್ರದಲ್ಲಿ ಬರೆದು ಅಲ್ಲಿಂದಲೇ ಭಂಡಾರಕ್ಕೆ ಕಳುಹಿಸಿದರೆ ಸರ್ವರು ಕೇವಲ ಪುಲ್ ಮಾಡಿಕೊಂಡರೆ ಸಾಕು. ಅದಕ್ಕೆ ಓದುವ ಕೈಯಷ್ಟೇ ಬೇಕು. ಗಿಟ್‌ಹಬ್‌ನಲ್ಲಿ ಡಿಪ್ಲಾಯ್ ಕೀ ಎಂಬುದೊಂದಿದೆ. ಅದು ಒಂದೇ ಭಂಡಾರಕ್ಕೆ ಸಲ್ಲುತ್ತದೆ, ನಾವಾಗಿ ಕೇಳದ ಹೊರತು ಓದುವ ಹಕ್ಕನ್ನು ಮಾತ್ರ ಕೊಡುತ್ತದೆ. ಅದನ್ನು ಕಳ್ಳ ಒಯ್ದರೂ ಅವನು ಓದಬಲ್ಲ, ತಿದ್ದಲಾರ.

ಎರಡನೆಯದು: ಸಂಘದ ತಾಣದಲ್ಲಿದ್ದಂತೆ ಸರ್ವರೇ ಬರೆಯಬೇಕಾದ ಸಂದರ್ಭವಿದ್ದರೆ, ಸರ್ವರಿಗೆಂದೇ ಹೊಸ ಜೋಡಿ ಕೈಯನ್ನು ಸರ್ವರಿನಲ್ಲಿಯೇ ತಯಾರಿಸಬೇಕು. ಎಡ್25519 ಎಂಬ ಬಗೆಯದು ಇಂದು ಸಾಮಾನ್ಯವಾಗಿ ಸಾಕಾಗುವಷ್ಟು ಭದ್ರ. ಅದರ ಬಹಿರಂಗ ಭಾಗವನ್ನು ಆ ಒಂದೇ ಭಂಡಾರಕ್ಕೆ ಬರೆಯುವ ಹಕ್ಕಿನೊಡನೆ ಸೇರಿಸಬೇಕು. ನಮ್ಮ ಸ್ವಂತ ಗುಪ್ತ ಕೈಯನ್ನು ಎಂದಿಗೂ ಅಲ್ಲಿಗೆ ನಕಲು ಮಾಡಬಾರದು. ಸರ್ವರಿನಲ್ಲಿ ಗುಪ್ತ ಕೈಯಿರುವ ಕೋಶಕ್ಕೆ 700, ಕೈಗೆ 600 ಎಂಬ ಅನುಮತಿಯನ್ನು ಕೊಟ್ಟರೆ ಆ ಖಾತೆಯ ಒಡೆಯನ ಹೊರತು ನೆರೆಮನೆಯ ಖಾತೆಗಳು ಅದನ್ನು ತೆರೆಯಲಾರವು. ಯಂತ್ರದ ಒಡೆಯನ ಕಣ್ಣಿಗೆ ಮಾತ್ರ ಇದು ಮರೆಯಾಗದು. ರಾತ್ರಿಯ ಕೆಲಸವನ್ನು ಯಂತ್ರವೇ ಮಾಡುವಾಗ ಕೈಗೆ ಇನ್ನೊಂದು ಗುಟ್ಟುಮಾತನ್ನು ಕೂಡಿಸಿದರೆ ಅದನ್ನು ಟೈಪು ಮಾಡಲು ಯಾರೂ ಎದ್ದಿರುವುದಿಲ್ಲ. ಆದ್ದರಿಂದ ಇಲ್ಲಿ ನಿಜವಾದ ಕಾವಲು ಯಾವುದೆಂದರೆ, ಆ ಕೈಯಿಂದ ತೆರೆಯುವ ಪೆಟ್ಟಿಗೆ ಒಂದೇ ಆಗಿರುವುದು.

ಮೂರನೆಯದು: ಆ ಬರೆಯುವ ಹಕ್ಕಿಗೂ ಮೇರೆ ಹಾಕಬೇಕು. ಭಂಡಾರದಲ್ಲಿ ಶಾಖೆಗಳೆಂಬುವು ಉಂಟು. ಸರ್ವರು ತನ್ನ ಒಂದು ಶಾಖೆಗೆ ಮಾತ್ರ ಬರೆಯಲಿ. ಮುಖ್ಯ ಶಾಖೆಗೆ ಒಬ್ಬ ಮನುಷ್ಯನು ಓದಿ ನೋಡಿ ಸೇರಿಸಲಿ. ಮುಖ್ಯ ಶಾಖೆಗೆ ರಕ್ಷಣೆಯ ನಿಯಮವನ್ನು ಹಾಕಿದರೆ ಹಳೆಯ ಚರಿತ್ರೆಯನ್ನು ಅಳಿಸಿ ಬರೆಯಲು ಬರುವುದಿಲ್ಲ. ಪಿಎಚ್‌ಪಿಯವರನ್ನು ಉಳಿಸಿದ್ದು ಈ ಇನ್ನೊಬ್ಬರ ಕಣ್ಣೇ ಎಂಬುದನ್ನು ಮರೆಯಬಾರದು.

ಉಳಿದವು ಚಿಕ್ಕವಾದರೂ ಉಪೇಕ್ಷಿಸತಕ್ಕವಲ್ಲ. ಗಿಟ್‌ನ ಕೋಶವನ್ನು ಸಾರ್ವಜನಿಕ ಪುಟಗಳ ಕೋಶದ ಹೊರಗಿಡಬೇಕು. ಟೋಕನನ್ನು ವಿಳಾಸದಲ್ಲಾಗಲಿ ಆಜ್ಞೆಯ ಸಾಲಿನಲ್ಲಾಗಲಿ ಬರೆಯಬಾರದು. ಆಜ್ಞೆಗಳ ಚರಿತ್ರೆಯಲ್ಲಿ ಅದು ಉಳಿಯುತ್ತದೆ, ಕೆಲವು ಸರ್ವರುಗಳಲ್ಲಿ ನಡೆಯುತ್ತಿರುವ ಆಜ್ಞೆಯು ನೆರೆಯವರಿಗೂ ಕಾಣುತ್ತದೆ. ಟೋಕನನ್ನೇ ಬಳಸಬೇಕಾಗಿ ಬಂದರೆ ಒಂದೇ ಭಂಡಾರಕ್ಕೆ, ಒಂದು ಅವಧಿಗೆ ಎಂದು ಕಟ್ಟಿಹಾಕಿದುದನ್ನು ಬಳಸಬೇಕು. ನಮ್ಮ ಯಂತ್ರದಲ್ಲಿರುವ ಕೈಯನ್ನು ಸಂಪರ್ಕದ ಮೂಲಕ ಸರ್ವರಿಗೆ ಎರವಲು ಕೊಡುವ ಏಜೆಂಟ್ ಫಾರ್ವರ್ಡಿಂಗ್ ಎಂಬ ಅನುಕೂಲವು ವಠಾರಕ್ಕೆ ತಕ್ಕುದಲ್ಲ. ನಾವು ಒಳಗಿರುವಷ್ಟು ಹೊತ್ತು ಯಂತ್ರದ ಮೇಲೆ ಪೂರ್ಣಾಧಿಕಾರ ಪಡೆದವನು ನಮ್ಮ ಹೆಸರಿನಲ್ಲಿ ಬೀಗ ತೆಗೆಯಬಲ್ಲನು. ಮೊದಲ ಬಾರಿ ಸಂಪರ್ಕಿಸಿದಾಗ ಸರ್ವರು ಎದುರು ಬಾಗಿಲಿನ ಬೆರಳುಗುರುತನ್ನು ತೋರಿಸಿ 'ಸರಿಯೇ?' ಎಂದು ಕೇಳುತ್ತದೆ. ಓದದೆ ಹೌದೆನ್ನುವ ಬದಲು ಗಿಟ್‌ಹಬ್ ಪ್ರಕಟಿಸಿರುವ ಗುರುತಿನೊಡನೆ ಹೋಲಿಸಬೇಕು.

ಇಷ್ಟಾದರೂ ಕೈ ಕಳೆಯಬಹುದು. 2023ರ ಮಾರ್ಚ್‌ನಲ್ಲಿ ಗಿಟ್‌ಹಬ್ ಕಂಪನಿಯದೇ ಒಂದು ಗುಪ್ತ ಕೈ ಸ್ವಲ್ಪ ಹೊತ್ತು ಸಾರ್ವಜನಿಕ ಭಂಡಾರದಲ್ಲಿ ಕಾಣಿಸಿಕೊಂಡಿತು. ಯಾರಾದರೂ ದುರುಪಯೋಗ ಮಾಡಿದರೆಂಬ ಸುಳಿವಿಲ್ಲದಿದ್ದರೂ ಅವರು ಹಳೆಯ ಕೈಯನ್ನು ಬಿಟ್ಟು ಹೊಸದನ್ನು ತಂದರು. ಇದೇ ಸರಿಯಾದ ಕ್ರಮ: ಮೊದಲು ರದ್ದು, ಆಮೇಲೆ ವಿಚಾರಣೆ. ಗುಟ್ಟು ಭಂಡಾರದೊಳಗೆ ಸೇರಿಹೋದರೆ ಕಡತವನ್ನು ಅಳಿಸಿದರೂ ಪ್ರಯೋಜನವಿಲ್ಲ. ಚರಿತ್ರೆಯಲ್ಲಿ ಅದು ಉಳಿದೇ ಇರುತ್ತದೆ. 2016ರಲ್ಲಿ ಊಬರ್ ಕಂಪನಿಯ ಖಾಸಗಿ ಭಂಡಾರಕ್ಕೆ ನುಗ್ಗಿದವರಿಗೆ ಇನ್ನೊಂದು ಉಗ್ರಾಣದ ಕೈ ಸಿಕ್ಕಿತು; ಅದರಿಂದ 5 ಕೋಟಿ 70 ಲಕ್ಷ ಜನರ ವಿವರಗಳು ಕಳ್ಳರ ಪಾಲಾದವು. ಕಂಪನಿಯು ಅದನ್ನು ಲೋಕಕ್ಕೆ ತಿಳಿಸಿದ್ದು 2017ರ ನವೆಂಬರ್‌ನಲ್ಲಿ. ಊರು ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಒಂದು ತಪ್ಪಾದರೆ, ಸೂರೆಯಾದುದನ್ನು ಬಚ್ಚಿಡುವುದು ಇನ್ನೂ ದೊಡ್ಡ ತಪ್ಪು.

ನನ್ನ ಈ ಅಭಿಪ್ರಾಯಕ್ಕೆ ಎರಡು ಆಕ್ಷೇಪಣೆಗಳನ್ನು ಕೇಳಿದ್ದೇನೆ. ಮೊದಲನೆಯದು, ನಂಬಿಕೆಯ ಮೇಲೆ ನಡೆಯುವ ಸಂಘದಲ್ಲಿ ಇಷ್ಟು ಕಟ್ಟುಪಾಡು ಸಲ್ಲದೆಂಬುದು. ಒಬ್ಬರನ್ನೊಬ್ಬರು ನಂಬುವುದು ಒಳ್ಳೆಯದೇ. ಆದರೆ ಒಂದೇ ಟೋಕನನ್ನು ಐದು ಜನ ಬಳಸಿ ಏನಾದರೂ ಕೆಟ್ಟಾಗ ಐವರ ಮೇಲೂ ಸಂಶಯ ಬೀಳುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಕೈಯಿದ್ದರೆ ನಿರಪರಾಧಿಯು ನಿರಪರಾಧಿಯೆಂದು ತೋರುತ್ತಾನೆ. ಲೆಕ್ಕಪತ್ರ ಚೊಕ್ಕವಾಗಿರುವ ಸಂಘದಲ್ಲಿ ಖಜಾಂಚಿಯ ಮಾನ ಉಳಿಯುವಂತೆ, ಕೈಗಳ ಲೆಕ್ಕವಿರುವಲ್ಲಿ ಸ್ನೇಹ ಉಳಿಯುತ್ತದೆ.

ಎರಡನೆಯ ಆಕ್ಷೇಪಣೆಯನ್ನು ಹೆಚ್ಚಾಗಿ ತಿಳಿದವರೇ ಹೇಳುತ್ತಾರೆ: ಭದ್ರತೆ ಬೇಕಾದರೆ ಅಗ್ಗದ ವಠಾರವನ್ನು ಬಿಟ್ಟು ಸ್ವಂತ ಸರ್ವರನ್ನು ಇಟ್ಟುಕೊಳ್ಳಿರಿ ಎಂದು. ಈ ಮಾತನ್ನು ನಾನು ಒಪ್ಪಲಾರೆ. ಮನೆಯಲ್ಲಿ ಮೊದಲನೆಯವರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರು ಓದಿದ್ದು ಸಾರ್ವಜನಿಕ ವಾಚನಾಲಯದಲ್ಲಿ, ಟೈಪು ಮಾಡಿದ್ದು ಕಾಲೇಜಿನ ಪ್ರಯೋಗಶಾಲೆಯ ಯಂತ್ರದಲ್ಲಿ, ಅದೂ ಸರದಿಯ ಮೇಲೆ. ಹಂಚಿಕೊಳ್ಳುವುದು ನಮಗೆ ಬಂದ ಅವಮಾನವಲ್ಲ. ನಾವು ಮುಂದೆ ಬಂದ ದಾರಿಯೇ ಅದು. ಭದ್ರತೆಯು ಹಣವುಳ್ಳವರ ಸೊತ್ತು ಎಂದು ಸಾರುವುದರ ಬದಲು, ಹಂಚಿಕೊಂಡ ಜಾಗದಲ್ಲಿ ಹೇಗೆ ಭದ್ರವಾಗಿ ಇರಬಹುದೆಂಬುದನ್ನು ಕಲಿಸುವುದು ವಿದ್ಯಾವಂತರ ಕರ್ತವ್ಯ. ಜೋಡಿ ಕೈ ತಯಾರಿಸಲು ಕಾಸು ಕೊಡಬೇಕಾಗಿಲ್ಲ. ಅನುಮತಿ ಬದಲಿಸಲು ಒಂದು ಸಾಲು ಸಾಕು. ಕೊರತೆ ಇರುವುದು ಹಣದಲ್ಲಲ್ಲ, ಹೇಳಿಕೊಡುವವರಲ್ಲಿ. ಅದರಲ್ಲಿಯೂ ಕನ್ನಡದಲ್ಲಿ ಹೇಳಿಕೊಡುವವರಲ್ಲಿ.

ಆದುದರಿಂದ ನಮ್ಮ ಕಾಲೇಜಿನ ಮುಂದೆ ಮೂರು ಸಲಹೆಗಳನ್ನು ವಿನಯಪೂರ್ವಕವಾಗಿ ಇಡುತ್ತೇನೆ. ವಿಭಾಗಗಳ ಹಾಗೂ ಸಂಘಗಳ ತಾಣಗಳಿಗೆ ಯಾವ ಯಾವ ಕೈಗಳಿವೆ, ಯಾರ ಬಳಿ ಇವೆ ಎಂಬ ಒಂದು ದಾಖಲೆ ಪುಸ್ತಕ ಇರಲಿ. ಗ್ರಂಥಾಲಯವು ಪುಸ್ತಕಗಳಿಗೆ ಇಡುವಂತೆ. ಅದರಲ್ಲಿ ಕೈಯ ಹೆಸರನ್ನು ಬರೆಯಬೇಕು, ಗುಟ್ಟನ್ನು ಬರೆಯಬಾರದು. ಎರಡನೆಯದಾಗಿ, ಅಂತಿಮ ವರ್ಷದವರು ಗ್ರಂಥಾಲಯದಿಂದ ಬಾಕಿ ಇಲ್ಲವೆಂಬ ಪತ್ರವನ್ನು ಪಡೆಯುವ ದಿನವೇ ಅವರ ಕೈಗಳನ್ನೂ ರದ್ದು ಮಾಡುವ ಪದ್ಧತಿ ಬರಲಿ. ವರ್ಷ ವರ್ಷವೂ ಒಂದು ತಂಡ ಹೊರಟುಹೋಗುವ ಮನೆ ಕಾಲೇಜು. ಬಾಡಿಗೆದಾರ ಬದಲಾದಾಗ ಬೀಗವನ್ನು ಬದಲಿಸದ ಮನೆಯೊಡೆಯನನ್ನು ಯಾರು ತಾನೇ ಜಾಣನೆಂದಾರು? ಮೂರನೆಯದಾಗಿ, ಮೊದಲ ವರ್ಷದ ಎಲ್ಲ ವಿದ್ಯಾರ್ಥಿಗಳಿಗೂ, ಕಲಾ ವಿಭಾಗದವರನ್ನು ಬಿಡದೆ, ಈ ವಿಷಯದಲ್ಲಿ ಒಂದು ದಿನದ ಪಾಠ ಕನ್ನಡದಲ್ಲಿ ನಡೆಯಲಿ.

ಸಂಘದ ತಾಣದಲ್ಲಿ ಈಗ ಸರ್ವರಿಗೆ ಒಂದೇ ಕೈ. ಅದು ಒಂದೇ ಭಂಡಾರದ ಒಂದು ಶಾಖೆಗೆ ಮಾತ್ರ ಬರೆಯುತ್ತದೆ. ಪ್ರತಿ ಭಾನುವಾರ ಕಾರ್ಯದರ್ಶಿಗಳೇ ಕನ್ನಡಕ ಹಾಕಿಕೊಂಡು ವಾರದ ಬರಹಗಳನ್ನು ಓದಿ ಮುಖ್ಯ ಶಾಖೆಗೆ ಸೇರಿಸುತ್ತಾರೆ. ಈ ಏರ್ಪಾಡಿಗೆ ಸಂಘಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ನಮಗೆ ಎರಡು ಸಂಜೆಗಳು ಹಿಡಿದವು. ಹಿರಿಯರು ಕಟ್ಟಿದುದನ್ನು ನಾವು ಕಡತಗಳಲ್ಲಿ ತುಂಬುತ್ತಿರುವ ಈ ಕಾಲದಲ್ಲಿ, ತುಂಬುವ ಉತ್ಸಾಹದಷ್ಟೇ ಕಾಯುವ ಶ್ರದ್ಧೆಯೂ ನಮ್ಮಲ್ಲಿ ಬೆಳೆಯಬೇಕು. ಬರೆಯುವ ಕೈಯನ್ನು ಹಿಡಿಯುವವನು ಆ ಬರಹಕ್ಕೆ ಹೊಣೆಗಾರನೂ ಹೌದೆಂಬುದನ್ನು ನನ್ನ ಸಹಪಾಠಿಗಳು ಮನಗಾಣಲಿ ಎಂದು ಹಾರೈಸುತ್ತೇನೆ.

— ಅಂತಿಮ ಬಿ.ಎ. ವಿದ್ಯಾರ್ಥಿ